ಮೀನುಗಳ ಸೋಮವಾರ

ಮನೆಯಲ್ಲಿ ಮೀನು ಸಾಕುವ ಆಸೆ ಮೀನು ತಿನ್ನದವರಿಗೇ ಹೆಚ್ಚು ಎಂಬುದು ನನ್ನ ಅಂದಾಜು. ತಿನ್ನುವವರಿಗೆ ಅದನ್ನು ಸುಮ್ಮನೆ ನೋಡುತ್ತ ಕೂರುವ ತಾಳ್ಮೆ ಎಲ್ಲಿಂದ ಬರಬೇಕು? ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಚನ್ನಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಮದುವೆಯಾಗಿರಲಿಲ್ಲ. ಬಾಡಿಗೆ ಮನೆಯಲ್ಲಿ ನಾನು ಮತ್ತು ನ್ಯಾಮತಿಯಿಂದ ಬಂದು ಜೊತೆಗಿದ್ದ ಅವ್ವ, ಇಬ್ಬರೇ. ಮೇಲಧಿಕಾರಿಯ ಮನೆಯಲ್ಲಿ ಗಾಜಿನ ತೊಟ್ಟಿಯೊಳಗೆ ಬಣ್ಣದ ಮೀನುಗಳು ಓಡಾಡುವುದನ್ನು ಕಂಡು ಬಂದ ಮೇಲೆ ನನ್ನ ದರ್ಜೆಗೆ ತಕ್ಕಷ್ಟು ಮೀನು ನನಗೂ ಇರಲಿ ಎನ್ನಿಸಿತು. ಶಿವಮೊಗ್ಗಕ್ಕೆ ಹೋಗಿ, ತೊಟ್ಟಿಯನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕೆಂಪು ಮೀನುಗಳನ್ನು ಬಸ್ಸಿನ ಕಿಟಕಿಯ ಕಂಬಿಗೆ ತೂಗುಹಾಕಿಕೊಂಡು ಬಂದೆ.

ಅವ್ವ ಮೂಗು ಮುರಿದಳು. “ಲಿಂಗ ಕಟ್ಕೊಂಡೋರ ಮನೆಯಾಗೆ ಮೀನೇನಪ್ಪ?”

“ತಿನ್ನಾಕಲ್ಲವ್ವ, ನೋಡಾಕೆ.”

“ಹಂಗಾದ್ರೆ ನೆಂಟರು ಬಂದಂಗೆ ಬಿಡು” ಎಂದು ಒಳಗೆ ಹೋದಳು.

ಆ ಮಾತಿನ ಅಪಾಯ ನನಗಾಗ ತಿಳಿಯಲಿಲ್ಲ. ಅವ್ವನ ಕೈಯಲ್ಲಿ ನೆಂಟರಾಗುವುದು ಹುಡುಗಾಟವಲ್ಲ. ವಿಳಾಸ ಕೇಳಲು ಬಂದವನಿಗೂ ಒಂದು ತಟ್ಟೆ ಮಂಡಕ್ಕಿ ತಿನ್ನಿಸಿ, ಚಹಾ ಕುಡಿಸಿಯೇ ಕಳಿಸುವವಳು. ಒಮ್ಮೆ ಜಗಳೂರಿನಿಂದ ನನ್ನ ಮದುವೆಯ ಮಾತುಕತೆಗೆಂದು ಬಂದವರು ಊಟದ ಭಾರಕ್ಕೆ ಅಲ್ಲೇ ಒರಗಿ ನಿದ್ದೆ ಹೋಗಿ, ಎದ್ದವರೇ ಗಾಬರಿಯಿಂದ ಬಸ್ಸಿಗೆ ಓಡಿದರು. ಬಂದ ಕೆಲಸದ ಮಾತೇ ಬರಲಿಲ್ಲ. ನನ್ನ ಮದುವೆ ತಡವಾದದ್ದಕ್ಕೆ ಇರುವ ಕಾರಣಗಳಲ್ಲಿ ಗೌರವವಾಗಿ ಹೇಳಿಕೊಳ್ಳಬಹುದಾದದ್ದು ಇದೊಂದೇ.

ವಾರ ಕಳೆಯುವಷ್ಟರಲ್ಲಿ ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿ ತೇಲತೊಡಗಿದವು. ಅವ್ವ ಪ್ರತಿಯೊಂದನ್ನೂ ಹಿತ್ತಲಿನ ಕನಕಾಂಬರದ ಬುಡದಲ್ಲಿ ಹೂತು ಬಂದು ಕಣ್ಣೊರೆಸಿಕೊಳ್ಳುತ್ತಿದ್ದಳು. “ನಮ್ಮ ಮನೆಯಾಗೆ ಉಂಡೋರು ಯಾರೂ ಹಿಂಗೆ ಹೋಗಿಲ್ಲಪ್ಪ.” ಅವಳಿಗೆ ಅದು ಮನೆತನದ ಮರ್ಯಾದೆಯ ಪ್ರಶ್ನೆಯಾಗಿತ್ತು. ಇದ್ದವನ್ನಾದರೂ ಉಳಿಸಲೇಬೇಕೆಂದು ನಾನು ನೀರನ್ನು ಶಂಕಿಸಿದೆ, ಬಿಸಿಲನ್ನು ಶಂಕಿಸಿದೆ, ತೊಟ್ಟಿಯನ್ನು ಕಿಟಕಿಯಿಂದ ಗೋಡೆಗೆ ಸರಿಸಿದೆ. ಅವ್ವ ದೃಷ್ಟಿಯನ್ನು ಶಂಕಿಸಿ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ಕಚೇರಿಯಲ್ಲಿ ಹನುಮಂತಪ್ಪನವರನ್ನು ಕೇಳಿದೆ. ಹೊನ್ನಾಳಿಯವರು, ಹೊಳೆದಂಡೆಯಲ್ಲೇ ಬೆಳೆದವರು. ಅವರು ಬಹಳ ಹೊತ್ತು ಯೋಚಿಸಿ, “ಸತ್ತ ಮ್ಯಾಲೆ ಏನು ಮಾಡಬೇಕು ಅಂತ ಕೇಳ್ರಿ, ಹೇಳ್ತೀನಿ. ಸಾಯದಂಗೆ ನೋಡ್ಕೊಳ್ಳೋದು ನಮ್ಮ ಮನೆಯಾಗೆ ಯಾರಿಗೂ ಗೊತ್ತಿಲ್ಲ” ಎಂದರು.

ಕೊನೆಗೊಂದು ಭಾನುವಾರ ತೊಟ್ಟಿಯ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತೆ. ಮೂರು ಮೀನು ಉಳಿದಿದ್ದವು. ಅವ್ವ ಅಡುಗೆಮನೆಯಿಂದ ಬಂದು, “ಉಂಡ್ರೇನ್ರಪ್ಪ?” ಎಂದು ಕೇಳಿ ಒಂದು ಹಿಡಿ ಮಂಡಕ್ಕಿ ಹಾಕಿದಳು. ಸ್ವಲ್ಪ ಹೊತ್ತಿಗೆ ರೊಟ್ಟಿಯ ಚೂರು ಬಂತು. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯಾಕೆಯೂ ಬರಿಗೈಲಿ ನಿಲ್ಲಬಾರದೆಂದು ತನ್ನ ಪಾಲು ಹಾಕಿದಳು. ಅಂಗಡಿಯವನು ಮೀನಿನ ಕಾಳಿನ ಪೊಟ್ಟಣ ಕೊಟ್ಟು, ಬೆಳಿಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ ಎಂದಿದ್ದ. ಅವ್ವನ ಚಿಟಿಕೆ ಎಂದರೆ ಬೊಗಸೆ. ತಿಂದು ಮಿಕ್ಕಿದ್ದು ತಳದಲ್ಲಿ ಕೊಳೆತು ನೀರು ಕೆಡುತ್ತಿತ್ತು. ಉಸಿರು ಕಟ್ಟಿದ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. “ಪಾಪ, ಹೆಂಗೆ ಬಾಯಿ ಬಿಡ್ತಾವೆ ನೋಡು, ಹಸಿವಿಗೆ” ಎಂದು ಅವ್ವ ಇನ್ನೊಂದು ಹಿಡಿ ತರುತ್ತಿದ್ದಳು.

ನೀನು ಬಡಿಸಿಯೇ ಅವು ಸತ್ತವು ಎಂದು ಆ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಬುದ್ಧಿ ಓಡಿಸಿದೆ. ನೀರು ಬದಲಿಸಿ, ಒಂದು ದಿನವಾದರೂ ಅವಕ್ಕೆ ಬಿಡುವು ಸಿಗಲೆಂದು, “ಅವ್ವ, ಈ ಜಾತಿ ಮೀನು ಸೋಮವಾರ ಉಪವಾಸ ಇರ್ತಾವಂತೆ” ಎಂದೆ. ಅವ್ವ ತೊಟ್ಟಿಗೆ ಕೈಮುಗಿದಳು. “ನಿನಗಿಂತ ಮೇಲು ಬಿಡು” ಎಂದಳು.

ಸೋಮವಾರ ಸಂಜೆ ಬಂದು ನೋಡಿದರೆ ತೊಟ್ಟಿಯ ನೀರು ಬೆಳ್ಳಗಾಗಿತ್ತು. ಎರಡು ತೇಲುತ್ತಿದ್ದವು. “ಅನ್ನ, ರೊಟ್ಟಿ ಮುಟ್ಟಿಸಿಲ್ಲಪ್ಪ. ಹಾಲಿನಾಗೆ ನೆನೆಸಿದ ಅವಲಕ್ಕಿ, ಒಂದು ಬಾಳೆಹಣ್ಣು. ನಾನು ತಗಂಡಿದ್ದನ್ನೇ ಅವಕ್ಕೂ ಕೊಟ್ಟೆ” ಎಂದಳು ಅವ್ವ, ಅಳುವಿನ ದನಿಯಲ್ಲಿ. ನಮ್ಮ ಮನೆಗಳಲ್ಲಿ ಉಪವಾಸದ ದಿನವೇ ಹೊಟ್ಟೆಗೆ ಹೆಚ್ಚು ಕೆಲಸ ಎಂಬುದು, ಎಂದೂ ಉಪವಾಸ ಮಾಡದ ನನಗೆ ಹೊಳೆದಿರಲಿಲ್ಲ.

ಉಳಿದ ಒಂದನ್ನು ಕೊಡದಲ್ಲಿದ್ದ ಹೊಸ ನೀರಿಗೆ ಬಿಟ್ಟು, ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ಅವ್ವ ಗೋಡೆಗೊರಗಿ ಕೂತಳು. “ಹೊಟ್ಟೆ ತುಂಬ ಉಂಡೂ ಸಾಯ್ತಾವೇನಪ್ಪ?” ಎಂದು ಕೇಳಿದಳು. ಹೌದು ಎಂದೆ. ಅವಳ ಮುಖ ನೋಡಲಾಗದೆ, ಈ ಮೀನಿನ ಸಹವಾಸವೇ ಬೇಡವಾಗಿತ್ತು ಎನ್ನಿಸಿ ನನಗೆ ನಿಜಕ್ಕೂ ಸಂಕಟವಾಯಿತು.

ಬೆಳಿಗ್ಗೆ ಮೀನು ಚುರುಕಾಗಿತ್ತು. ಅವ್ವ ಬೆರಳ ತುದಿಯಲ್ಲಿ ನಾಲ್ಕು ಕಾಳು ಉದುರಿಸಿ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳು. ಆಮೇಲೆ ನನ್ನ ತಟ್ಟೆ ಬಂತು. ಒಂದು ರೊಟ್ಟಿ, ಒಂದಿಷ್ಟು ಚಟ್ನಿಪುಡಿ. ತಿಂದು ಮುಗಿಸಿ ಕಾದೆ. ಅವ್ವ ಏಳಲಿಲ್ಲ.

“ಅವ್ವ, ಇನ್ನೊಂದು ರೊಟ್ಟಿ.”

“ಸಾಕೇಳಪ್ಪ. ನನಗೆ ಉಳಿದಿರೋದು ಒಂದು ಮೀನು, ಒಬ್ಬ ಮಗ.”

ಹಸಿದ ಹೊಟ್ಟೆಯಲ್ಲಿ ಕಚೇರಿಗೆ ನಡೆಯುತ್ತ ಆ ಮಾತನ್ನು ಮತ್ತೆ ಮತ್ತೆ ನೆನೆದೆ. ಅವಳು ಮೀನನ್ನೇ ಮೊದಲು ಹೇಳಿದ್ದಳು.