ಮೇಷ್ಟ್ರ ಮಗಳಿಗೆ ನಿದ್ದೆ ಬಾರದು

ಹೆಂಡತಿ: ಕಾಲೇಜಲ್ಲಿ ಇಡೀ ಕ್ಲಾಸನ್ನೇ ಒಟ್ಟಿಗೆ ಮಲಗಿಸ್ತೀರಿ. ಮನೇಲಿ ಒಂದು ಕೂಸನ್ನ ಮಲಗಿಸೋಕೆ ಆಗಲ್ವಾ ನಿಮಗೆ?

ಮೇಷ್ಟ್ರು: ಇಡೀ ಕ್ಲಾಸು ಅಲ್ಲ. ಮೊದಲ ಬೆಂಚಲ್ಲಿ ಇಬ್ಬರು ಎದ್ದಿರ್ತಾರೆ.

ಹೆಂಡತಿ: ಅವರಿಬ್ಬರಿಗೆ ಏನು ಬಂದಿದೆ?

ಮೇಷ್ಟ್ರು: ಮಾತಾಡುವಾಗ ನನ್ನ ಎಂಜಲು ಹಾರುತ್ತೆ. ಅಷ್ಟು ದೂರಕ್ಕೇ ಬೀಳೋದು.

ಭೂಗೋಳದ ಮೇಷ್ಟ್ರಿಗೆ ತಮ್ಮ ಬಗ್ಗೆ ಯಾವ ಭ್ರಮೆಯೂ ಇರಲಿಲ್ಲ. ಕಲ್ಲು ಮಣ್ಣಿನ ಪಾಠ, ಊಟವಾದ ಮೇಲಿನ ಪೀರಿಯಡ್ಡು, ಅದರ ಮೇಲೆ ತಮ್ಮ ದನಿ, ಈ ಮೂರೂ ಸೇರಿದರೆ ಬೆಂಚಿಗೂ ತೂಕಡಿಕೆ ಬರುತ್ತದೆ ಎಂದು ಅವರೇ ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದರು. ಒಮ್ಮೆ ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ನೋಡಿ, ಪಾಪ, ಹುಡುಗರು ಎದ್ದಾರು ಎಂದು ತುದಿಗಾಲಲ್ಲಿ ವಾಪಸ್ಸು ಹೋಗಿದ್ದರು. ಆದರೆ ತಾವೇ ಆಡಿಕೊಂಡರೆ ತಮಾಷೆಯಾಗುವ ಮಾತು ಹೆಂಡತಿಯ ಬಾಯಲ್ಲಿ ಬಂದರೆ ಮುಳ್ಳಾಗುತ್ತದೆ.

ಹೆಂಡತಿ ಹೊಲಿಗೆ ಮಿಷಿನ್ನಿನ ಮುಂದೆ ಕೂತಿದ್ದಳು. ಯಾವುದೋ ನರ್ಸಿಂಗ್ ಹೋಮಿನ ಹಸಿರು ಪರದೆಗಳು ಹಾಲಿನ ತುಂಬ ಹರಡಿಕೊಂಡಿದ್ದವು. ಬೆಳಿಗ್ಗೆ ಕೊಡಲೇಬೇಕು. ದಿನಾ ಮಗಳನ್ನು ಮಲಗಿಸುವವಳು ಅವಳೇ. ಇವತ್ತು ಊಟಕ್ಕೆ ಕೂತಾಗ "ಮಗು ಮಲಗಿಸೋದು ಅದೇನು ಮಹಾ, ನಾನು ನೋಡ್ಕೋತೀನಿ" ಎಂದು ಮೇಷ್ಟ್ರು ಬಾಯಿಬಿಟ್ಟು ಸಿಕ್ಕಿಹಾಕಿಕೊಂಡಿದ್ದರು.

ಒಳಗಿನ ಕೋಣೆಯಲ್ಲಿ ಐದು ವರ್ಷದ ಮಗಳು ಹಾಸಿಗೆಯ ನಡುವೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಳು. ಹುಟ್ಟಿದ ದಿನ ಎಳೆದ ರಾಗಕ್ಕೆ ಅವಳಿಗೆ ಪಿಟೀಲು ಎಂದು ಹೆಸರು ಬಿದ್ದಿತ್ತು. ಇನ್ನೊಂದು ಹೆಸರಿತ್ತು, ಅದನ್ನು ಶಾಲೆಯವರು ಮಾತ್ರ ಬಳಸುತ್ತಿದ್ದರು.

ಪಿಟೀಲು: ಅಪ್ಪ, ನೀರು.

ಮೇಷ್ಟ್ರು: ಈಗ ತಾನೇ ಕುಡಿದ್ಯಲ್ಲ.

ಪಿಟೀಲು: ಅದು ಬಾಯಾರಿಕೆಗೆ. ಇದು ಮಲಗೋಕೆ.

ಮೇಷ್ಟ್ರು ನೀರು ತಂದರು. ನೀರು ಕುಡಿದದ್ದಕ್ಕೆ ಬಚ್ಚಲಿಗೆ ಹೋಗಬೇಕಾಯಿತು. ಬಚ್ಚಲಿಗೆ ಹೋದದ್ದಕ್ಕೆ ಕಾಲು ತಣ್ಣಗಾಯಿತು. ಕಾಲು ತಣ್ಣಗಾದದ್ದಕ್ಕೆ ಸಾಕ್ಸು ಬೇಕಾಯಿತು. ಸಾಕ್ಸು ಹುಡುಕುತ್ತ ಮಂಚದಡಿ ತೂರಿದ ಮೇಷ್ಟ್ರಿಗೆ ತಾವು ಎಂದೋ ಕಳೆದುಕೊಂಡಿದ್ದ ಕನ್ನಡಕದ ಒಂದು ಕಡ್ಡಿ ಸಿಕ್ಕಿತು, ಸಾಕ್ಸು ಸಿಗಲಿಲ್ಲ. ಮೈಗೆ ಮೆತ್ತಿದ ಧೂಳು ಕೊಡವಿಕೊಂಡು ಪಕ್ಕದಲ್ಲಿ ಒರಗಿ, ಅವಳ ಬೆನ್ನು ತಟ್ಟತೊಡಗಿದರು.

ಪಿಟೀಲು: ನಾನೇನು ಮಾಡ್ದೆ ಅಪ್ಪ?

ಮೇಷ್ಟ್ರು: ಏನೂ ಮಾಡಿಲ್ಲ. ಯಾಕೆ?

ಪಿಟೀಲು: ಮತ್ತೆ ಯಾಕೆ ಹೊಡೀತಿದೀಯ?

ಮೇಷ್ಟ್ರು: ಹೊಡೀತಿಲ್ಲ ಕಂದ, ತಟ್ತಿದೀನಿ.

ಹೆಂಡತಿ (ಹಾಲಿನಿಂದ): ರೀ, ಯಾರೋ ಬಾಗಿಲು ಬಡೀತಿದಾರೆ, ನೋಡಿ.

ಮೇಷ್ಟ್ರು ತಟ್ಟುವುದನ್ನು ನಿಲ್ಲಿಸಿದರು. ಬಾಗಿಲು ಬಡಿಯುವುದೂ ನಿಂತಿತು. ಇನ್ನು ಉಳಿದದ್ದು ಹಾಡು. ಅವರು ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, "ಜೋ..." ಎಂದು ಎಳೆದರು. ಹಾಲಿನಲ್ಲಿ ಮಿಷಿನ್ನು ಗಕ್ಕನೆ ನಿಂತಿತು.

ಹೆಂಡತಿ: ರೀ, ಹೊಟ್ಟೆನೋವಾ?

ಮೇಷ್ಟ್ರು: ಹಾಡ್ತಿದೀನಿ ಕಣೇ.

ಹೆಂಡತಿ: ಹೌದಾ. ಮಾತ್ರೆ ಹುಡುಕೋಣ ಅಂತ ಎದ್ದಿದ್ದೆ.

ಪಿಟೀಲು: ಅಪ್ಪ, ನೀನು ಹಾಡದೇ ಇದ್ರೂ ಪರವಾಗಿಲ್ಲ. ನಂಗೇನೂ ಬೇಜಾರಾಗಲ್ಲ.

ಮಗಳ ದೊಡ್ಡ ಮನಸ್ಸಿಗೆ ಸೋತು ಮೇಷ್ಟ್ರು ಕಥೆಗೆ ಇಳಿದರು.

ಮೇಷ್ಟ್ರು: ಒಂದೂರಲ್ಲಿ ಒಬ್ಬ ರಾಜ ಇದ್ದ.

ಪಿಟೀಲು: ಯಾವೂರು?

ಮೇಷ್ಟ್ರು: ಯಾವುದೋ ಒಂದೂರು.

ಪಿಟೀಲು: ನೀನು ಭೂಗೋಳದ ಮೇಷ್ಟ್ರಲ್ವಾ? ಗೊತ್ತಿರಬೇಕಲ್ಲ.

ಮೇಷ್ಟ್ರು: ಹೊಳೆ ದಂಡೆ ಮೇಲಿನ ಒಂದೂರು. ಆ ರಾಜ ತುಂಬಾ ಒಳ್ಳೆಯವನು. ಊಟ ಆಗ್ತಿದ್ದ ಹಾಗೇ ಮಲಗಿಬಿಡ್ತಿದ್ದ.

ಪಿಟೀಲು: ಆಮೇಲೆ?

ಮೇಷ್ಟ್ರು: ಆಮೇಲೇನು, ಮಲಗಿದ್ನಲ್ಲ.

ಪಿಟೀಲು: ಇದು ಕಥೆನಾ?

ಇಲ್ಲ ಎನ್ನುವುದು ಮೇಷ್ಟ್ರಿಗೂ ಗೊತ್ತಿತ್ತು. ಅವರು ಎದ್ದು, ಪರದೆಗಳ ಅಂಚು ತುಳಿಯದಂತೆ ಕಾಲೆತ್ತಿ ಇಡುತ್ತ ಹಾಲಿಗೆ ಬಂದರು.

ಮೇಷ್ಟ್ರು: ಇದು ನನ್ನ ಕೈಲಾಗೋ ಕೆಲಸ ಅಲ್ಲ ಕಣೇ. ನೀನು ಹೋಗಿ ಮಲಗಿಸು. ಪರದೆ ನಾನು ಹೊಲೀತೀನಿ.

ಹೆಂಡತಿ: ಹೋದ ಸಲ ಅಂಗಿಗೆ ಗುಂಡಿ ಹಾಕ್ಕೊಂಡ್ರಿ. ಅಂಗಿನ ಬನಿಯನ್ನಿಗೂ ಸೇರಿಸಿ ಹೊಲಿದು, ಬಿಚ್ಚೋಕಾಗದೆ ಕೂತಿದ್ರಿ. ಸುಮ್ನೆ ಹೋಗಿ. ನಿಮ್ಮ ಹತ್ರ ಇರೋ ಮದ್ದು ಬಿಟ್ಟು ಊರೆಲ್ಲಾ ಅಲೀತಿದೀರಿ.

ಮೇಷ್ಟ್ರು: ಯಾವ ಮದ್ದು?

ಹೆಂಡತಿ: ಕಲ್ಲಿನ ಪಾಠ ಮಾಡಿ.

ಮೇಷ್ಟ್ರು: ಇಷ್ಟು ವರ್ಷದಿಂದ ಕಣ್ಣಿಗೊತ್ತಿಕೊಂಡು ಮಾಡ್ತಿರೋ ಪಾಠನ ನಿದ್ದೆ ಗುಳಿಗೆ ಮಾಡಿಬಿಟ್ಯಲ್ಲ.

ಹೆಂಡತಿ: ಇಷ್ಟು ವರ್ಷದಲ್ಲಿ ಒಂದು ಸಲಾನಾದ್ರೂ ಕೆಲಸ ಮಾಡದೇ ಇದ್ದದ್ದುಂಟಾ?

ಅವಳು ಮಾತಿನಲ್ಲಿ ಕುಹಕವಿಟ್ಟಿರಲಿಲ್ಲ. ಅಂಚು ಮಡಿಸುತ್ತ, ಸೂಜಿಯ ಮೇಲೆ ಕಣ್ಣಿಟ್ಟು, ಇದ್ದದ್ದನ್ನು ಇದ್ದ ಹಾಗೆ ಕೇಳಿದ್ದಳು. ಅದೇ ಮೇಷ್ಟ್ರನ್ನು ಹೆಚ್ಚು ಚುಚ್ಚಿತು. ತಮ್ಮ ಕ್ಲಾಸಿನಲ್ಲಿ ಈವರೆಗೆ ಎದ್ದಿರುವುದು ಎರಡೇ ಪ್ರಶ್ನೆ ಎಂಬುದು ಅವರಿಗೆ ನೆನಪಾಯಿತು. ಒಂದು, "ಸರ್, ಇದು ಪರೀಕ್ಷೆಗೆ ಬರುತ್ತಾ?" ಇನ್ನೊಂದು, "ಸರ್, ಹೊರಗೆ ಹೋಗ್ಲಾ?" ಅವರು ಕೋಣೆಗೆ ಮರಳಿ, ದೀಪ ಆರಿಸಿ, ಮಗಳ ಪಕ್ಕ ಅಂಗಾತ ಮಲಗಿ, ಸೂರು ನೋಡುತ್ತ ಕ್ಲಾಸಿನ ದನಿ ತೆಗೆದರು.

ಮೇಷ್ಟ್ರು: ಶಿಲೆಗಳಲ್ಲಿ ಮೂರು ವಿಧ. ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ. ಭೂಮಿಯ ಒಳಗೆ ಕಲ್ಲು ಕರಗಿ ಕುದೀತಾ ಇರುತ್ತೆ. ಅದು ಆರಿ ಗಟ್ಟಿಯಾದ್ರೆ ಅಗ್ನಿಶಿಲೆ.

ಇಷ್ಟಾದ ಮೇಲೆ ಎಂದಿನಂತೆ ಒಂದು ಕ್ಷಣ ತಡೆದರು. ಸಾಮಾನ್ಯವಾಗಿ ಮೊದಲ ಗೊರಕೆ ಕೇಳಿಸುವ ಜಾಗ ಅದು.

ಪಿಟೀಲು: ಆರೋಕೆ ಎಷ್ಟು ಹೊತ್ತು ಬೇಕು?

ಮೇಷ್ಟ್ರು: ಏನಂದೆ?

ಪಿಟೀಲು: ಕಲ್ಲು ಆರೋಕೆ.

ಮೇಷ್ಟ್ರು ತಟ್ಟನೆ ಎದ್ದು ಕೂತರು.

ಮೇಷ್ಟ್ರು: ಹೊರಗೆ ಬಂದು ಹರಿದ್ರೆ ಬೇಗ ಆರುತ್ತೆ. ಭೂಮಿ ಹೊಟ್ಟೆಯೊಳಗೇ ಉಳಿದ್ರೆ ಸಾವಿರಾರು ವರ್ಷ.

ಪಿಟೀಲು: ಊದಿದ್ರೆ?

ಮೇಷ್ಟ್ರು: ಊದಿದ್ರೂ ಅಷ್ಟೇ.

ಪಿಟೀಲು: ಕಲ್ಲಿಗೆ ಅಮ್ಮ ಯಾರು?

ಮೇಷ್ಟ್ರು: ಒಂದು ಲೆಕ್ಕದಲ್ಲಿ ಇನ್ನೊಂದು ಕಲ್ಲೇ. ದೊಡ್ಡ ಕಲ್ಲು ಸವೆದು ಮರಳಾಗುತ್ತೆ. ಮರಳನ್ನ ನೀರು ಹೊತ್ಕೊಂಡು ಹೋಗಿ ತಳದಲ್ಲಿ ಹಾಸುತ್ತೆ. ಹಾಸಿ ಹಾಸಿ, ಒತ್ತಿ ಒತ್ತಿ, ಮತ್ತೆ ಕಲ್ಲಾಗುತ್ತೆ. ಅದೇ ಜಲಜಶಿಲೆ.

ಪಿಟೀಲು: ತಾನು ಕಲ್ಲಾಗ್ತೀನಿ ಅಂತ ಮರಳಿಗೆ ಗೊತ್ತಿರುತ್ತಾ?

ಇಂಥ ಪ್ರಶ್ನೆ ಕೇಳುವ ವಿದ್ಯಾರ್ಥಿಗಾಗಿ ಮೇಷ್ಟ್ರು ಕೆಲಸಕ್ಕೆ ಸೇರಿದ ಮೊದಲ ದಿನ ಹೊಸ ಅಂಗಿ ಹಾಕಿಕೊಂಡು ಹೋಗಿದ್ದರು. ಆ ಅಂಗಿ ನೆಲ ಒರೆಸುವ ಬಟ್ಟೆಯಾಗಿ, ಅದೂ ಸವೆದು ಹೋಗಿ ಎಷ್ಟೋ ಕಾಲವಾಗಿತ್ತು. ಅವರು ದೀಪ ಹಾಕಿದರು. ಹಾಲಿಗೆ ಓಡಿ ಗಾಜಿನ ಬೀರುವಿನಲ್ಲಿ ಪಾಠಕ್ಕೆಂದು ಕೂಡಿಟ್ಟಿದ್ದ ತಮ್ಮ ಕಲ್ಲುಗಳನ್ನು ಪಂಚೆಯ ಮಡಿಲಿಗೆ ತುಂಬಿಕೊಳ್ಳತೊಡಗಿದರು.

ಹೆಂಡತಿ (ತಲೆಯೆತ್ತದೆ): ಮಲಗಿದ್ಲಾ?

ಮೇಷ್ಟ್ರು: ಪಾಠ ನಡೀತಿದೆ.

ಹೆಂಡತಿ: ಹಾಗಾದ್ರೆ ಇನ್ನೇನು, ಆದ ಹಾಗೇ.

ಆದದ್ದು ಬೇರೆ. ಹಾಸಿಗೆ ನೋಡನೋಡುತ್ತ ಕಲ್ಲು ಕ್ವಾರಿಯಾಯಿತು. ದಿಂಬಿನ ಮೇಲೆ ಗ್ರಾನೈಟು, ಹೊದಿಕೆಯ ಮಡಿಕೆಯಲ್ಲಿ ಮರಳುಗಲ್ಲು. ಮೇಷ್ಟ್ರು ಮಂಡಿಯೂರಿ ಕೂತು, ಎರಡೂ ಕೈಯಿಂದ ಹೊದಿಕೆಯನ್ನು ಎರಡು ಕಡೆಯಿಂದ ತಳ್ಳಿ ಬೆಟ್ಟ ಏಳುವುದನ್ನು ತೋರಿಸಿದರು. ಪಿಟೀಲು ಬೆಟ್ಟವನ್ನು ನೋಡಿದಳು, ಆಕಳಿಸಿದಳು, ಬೆಟ್ಟದ ಮೇಲೆಯೇ ತಲೆಯಿಟ್ಟಳು.

ಪಿಟೀಲು: ಸಾಕು ಅಪ್ಪ. ನಿದ್ದೆ ಬರ್ತಿದೆ.

ಮೇಷ್ಟ್ರು: ಈಗಲಾ? ರೂಪಾಂತರ ಶಿಲೆ ಇನ್ನೂ ಮುಟ್ಟೇ ಇಲ್ಲ.

ಪಿಟೀಲು: ನಾಳೆ.

ಮೇಷ್ಟ್ರು: ಅದೇ ಕಣಮ್ಮ ಮುಖ್ಯವಾದದ್ದು. ಸುಣ್ಣಕಲ್ಲು ಶಾಖಕ್ಕೆ, ಒತ್ತಡಕ್ಕೆ ಸಿಕ್ಕಿ ಅಮೃತಶಿಲೆ ಆಗಿಬಿಡುತ್ತೆ. ಹೇಗೆ ಅಂತ ಕೇಳಲ್ವಾ?

ಪಿಟೀಲು: ಕೇಳಿದ್ರೆ ಮಲಗೋಕೆ ಬಿಡ್ತೀಯಾ?

ಮೇಷ್ಟ್ರು: ಒಂದು ಲೋಟ ನೀರು ತರಲಾ? ಕಣ್ಣಿಗೂ ಸ್ವಲ್ಪ ಚಿಮುಕಿಸ್ಕೋ.

ಪಿಟೀಲು: ಅಮ್ಮಾ, ಅಪ್ಪ ನನ್ನ ಮಲಗೋಕೆ ಬಿಡ್ತಿಲ್ಲ.

ಹೆಂಡತಿ ಕೊರಳಲ್ಲಿ ಟೇಪು, ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಬಂದಳು. ಉರಿಯುವ ದೀಪ ನೋಡಿದಳು, ತಾನು ಬೆಳಿಗ್ಗೆ ತಾನೇ ಹಾಸಿದ್ದ ಒಗೆದ ಚಾದರದ ಮೇಲಿನ ಕಲ್ಲುಗಳನ್ನು ನೋಡಿದಳು, ಮಂಡಿಯೂರಿ ಕೂತ ಗಂಡನನ್ನು ನೋಡಿದಳು.

ಹೆಂಡತಿ: ಇಲ್ಲಿ ಮಲಗಬೇಕಾಗಿದ್ದೋರು ಯಾರು, ಮಲಗಿಸಬೇಕಾಗಿದ್ದೋರು ಯಾರು?

ಮೇಷ್ಟ್ರು: ಕೋಪ ಆಮೇಲೆ ಮಾಡ್ಕೋ. ಮೊದಲು ಕೇಳು. ಇವಳು ಎಂಥ ಪ್ರಶ್ನೆ ಕೇಳ್ತಾಳೆ ಗೊತ್ತಾ? ನನ್ನ ಪಾಠ ಒಂದು ಕಿವಿಗಾದ್ರೂ ಬಿತ್ತಲ್ಲ ಕಣೇ. ಇವಳಿಗೆ ಭೂಗೋಳ ಅಂದ್ರೆ ಪ್ರಾಣ.

ಪಿಟೀಲು (ಕಣ್ಣು ಮುಚ್ಚಿಕೊಂಡೇ): ಪ್ರಶ್ನೆ ಕೇಳ್ತಿದ್ರೆ ನೀನು ಮಲಗು ಅನ್ನಲ್ಲ. ಅದಕ್ಕೇ ಕೇಳ್ದೆ.

ಹೆಂಡತಿ ಮುಖ ಆಚೆ ತಿರುಗಿಸಿಕೊಂಡಳು. ಅವಳ ಭುಜ ಕುಲುಕುವುದು ಮೇಷ್ಟ್ರಿಗೆ ಕಾಣದೇ ಇರಲಿಲ್ಲ. ಅವರು ಒಂದೊಂದೇ ಕಲ್ಲನ್ನು ಸದ್ದಾಗದಂತೆ ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ಗ್ರಾನೈಟನ್ನು ಮಾತ್ರ ಕೊಂಚ ಹೊತ್ತು ಕೈಯಲ್ಲೇ ಹಿಡಿದಿದ್ದರು. ಆಮೇಲೆ ತಾವೂ ನಕ್ಕರು. ನಗು ಅರ್ಧಕ್ಕೇ ನಿಂತಿತು.

ಮೇಷ್ಟ್ರು: ಎಲ್ಲಾ ಸುಮ್ ಸುಮ್ನೇನಾ ಕಂದ?

ಪಿಟೀಲು: ಎಲ್ಲಾ ಅಲ್ಲ. ಒಂದು ನಿಜವಾಗ್ಲೂ ಕೇಳ್ದೆ.

ಮೇಷ್ಟ್ರು: ಯಾವುದು?

ಪಿಟೀಲಿನ ಬಾಯಿ ಕೊಂಚ ತೆರೆದುಕೊಂಡು, ಉಸಿರು ನಿಧಾನವಾಗಿ ಏರಿ ಇಳಿಯತೊಡಗಿತ್ತು. ಹೆಂಡತಿ ದೀಪ ಆರಿಸಿದಳು.

ಮೇಷ್ಟ್ರು (ಕತ್ತಲಲ್ಲಿ, ಪಿಸುದನಿಯಲ್ಲಿ): ಊದಿದ್ರೆ ಅನ್ನೋದಾ? ಅಮ್ಮ ಯಾರು ಅನ್ನೋದಾ? ಮರಳಿನದೇ ಇರಬೇಕು. ಅಲ್ವಾ?

ಹೆಂಡತಿ: ಮಲಗಿ.

ಮೇಷ್ಟ್ರು: ಒಂದೇ ಒಂದು ನಿಮಿಷ ಎಬ್ಬಿಸಿ ಕೇಳ್ಲಾ?

ಹೆಂಡತಿ ಬಾಗಿಲಲ್ಲಿ ನಿಂತಳು. ಹಾಲಿನ ಬೆಳಕಿನಲ್ಲಿ ಕೈಯ ಕತ್ತರಿ ಒಮ್ಮೆ ತೆರೆದು ಮುಚ್ಚಿಕೊಂಡಿತು.

ಹೆಂಡತಿ: ಎಬ್ಬಿಸಿ ನೋಡಿ.