ಹಸಿ ಹಲಗೆಯ ಬಾಗಿಲು

ಜಗಳ ಶುರುವಾದದ್ದು ಅಧ್ಯಕ್ಷ ಒಂದು ಹಲಗೆಯನ್ನು ಮೂಸಿ ನೋಡಿದ್ದರಿಂದ.

ಬಡಗಿಗಳೆಲ್ಲ ಸೇರಿ ಕಟ್ಟಿಕೊಂಡ ಸಂಘ ಅದು. ಅಧ್ಯಕ್ಷನನ್ನು ಎದುರಿಗೆ ಯಜಮಾನ್ರೇ ಅಂತಲೂ, ಬೆನ್ನ ಹಿಂದೆ ನಿಧಾನಪ್ಪ ಅಂತಲೂ ಕರೆಯುತ್ತಿದ್ದರು. ಆವತ್ತು ಬೆಳಿಗ್ಗೆ ಹೊಸ ಸಭಾಭವನದ ಮಾಲೀಕ ಕಾರಿನಿಂದ ಇಳಿದು, ವಾರದೊಳಗೆ ಭವನದ ತುಂಬ ಕುರ್ಚಿ ಬೇಕು ಅಂದ. ಎಲ್ಲರ ಮುಖ ಹೊಸದಾಗಿ ಪಾಲಿಶ್ ಹೊಡೆದ ಮೇಜಿನ ಹಾಗೆ ಹೊಳೆಯಿತು. ನಿಧಾನಪ್ಪ ಮಾತ್ರ ಉಗ್ರಾಣದಿಂದ ಒಂದು ಹಲಗೆ ಎತ್ತಿ ತಂದು, ಹಸುಗೂಸಿನ ನೆತ್ತಿ ಮೂಸುವ ಹಾಗೆ ಮೂಸಿ, "ಇನ್ನೂ ಹಸಿ. ಬರೋ ಬೇಸಿಗೆ ಕಳೀಲಿ, ಮಾಡಿಕೊಡ್ತೀವಿ" ಅಂದುಬಿಟ್ಟ.

"ಅಲ್ಲೀವರೆಗೂ ಜನ ನಿಂತ್ಕೊಂಡಿರ್ಬೇಕಾ?"

"ಹಸಿ ಮರದ ಮೇಲೆ ಕೂತ್ರೆ ಕಾಲು ಸೊಟ್ಟ ಆಗ್ತವೆ ಸ್ವಾಮಿ."

"ಕುರ್ಚಿದಾ, ಕೂತವರದಾ?"

"ಎರಡೂ."

ಸಾಯಂಕಾಲದೊಳಗೆ ಒಪ್ಪದಿದ್ದರೆ ಬೇರೆ ಕಡೆ ನೋಡ್ತೀನಿ ಅಂತ ಮಾಲೀಕ ಹೊರಟುಹೋದ. ಕಾರಿನ ಸದ್ದು ಅಡಗುವ ಮೊದಲೇ ಗಲಾಟೆ ಎದ್ದಿತು. ಎಲ್ಲರಿಗಿಂತ ಜೋರು ಗಂಟಲು ಅಧ್ಯಕ್ಷನ ಭಾವಮೈದನದು. ಸಂಘದಲ್ಲಿ ಅವನಿಗೆ ಗರಗಸದ ಕೆಲಸ, ಮಾತೂ ಹಾಗೇ.

"ಭಾವ, ಮನೆ ಬಾಗಿಲಿಗೆ ಬಂದ ಕೆಲಸನ್ನ ಒದ್ದು ಕಳಿಸಿದ್ರಲ್ಲ! ಮೊದಲು ಈ ವರ್ಷ ದಾಟೋದು ನೋಡಿ."

"ಈ ವರ್ಷ ನಾವು ದಾಟಿ ಸಂಘ ಮುಳುಗಿಹೋಗ್ಲಾ? ನಾಳೆ ನಿನ್ನ ಮೊಮ್ಮಕ್ಕಳು ಇಲ್ಲೇ ಉಳಿ ಹಿಡೀಬೇಕಲ್ಲೋ."

"ನನಗಿನ್ನೂ ಮದುವೇನೇ ಆಗಿಲ್ಲ!"

"ಅದಕ್ಕೂ ಆತುರ ಬೇಡ."

ನಕ್ಕವರು ನಕ್ಕರು, ಆದರೆ ಸಿಟ್ಟು ಇಳಿಯಲಿಲ್ಲ. ಗುಮಾಸ್ತ ಕನ್ನಡಕ ಸರಿಮಾಡಿಕೊಂಡು, "ಸಭೆ ಸೇರಿಸಿ. ಅಧ್ಯಕ್ಷರನ್ನ ಬದಲಾಯಿಸಿದ್ರೆ ಹಲಗೆ ತಾನಾಗಿ ಒಣಗುತ್ತೆ" ಅಂದ. ಪಕ್ಕದ ಸೈಕಲ್ ಅಂಗಡಿಯವನಿಗೆ ಈ ಸಂಘದ ಗೊಡವೆಯೇ ಇಲ್ಲ. ಅವನೂ ಚಕ್ರ ಕೈಯಲ್ಲಿ ಹಿಡಿದುಕೊಂಡು ಬಂದು, "ನನ್ನ ಬೆಂಬಲ ಇದೆ" ಅಂದ.

ನಿಧಾನಪ್ಪನಿಗೆ ರೇಗಿತು. "ಎಲ್ಲಿ, ಒಂದು ಹಲಗೆ ಮುಟ್ಟಿ ನೋಡೋಣ!" ಅನ್ನುತ್ತ ಉಗ್ರಾಣಕ್ಕೆ ನುಗ್ಗಿ, ಬಾಗಿಲನ್ನು ಧಡಾರನೆ ಎಳೆದುಕೊಂಡ.

ಎಡವಟ್ಟಾದದ್ದು ಅಲ್ಲೇ. ಆ ಬಾಗಿಲನ್ನು ತುಸು ಮೇಲೆತ್ತಿ ಮೆಲ್ಲಗೆ ಮುಚ್ಚಬೇಕು ಅನ್ನೋದು ಸಂಘದ ಬೆಕ್ಕಿಗೂ ಗೊತ್ತು. ಹೋದ ವಾರದ ಮಳೆಗೆ ಉಬ್ಬಿದ್ದ ಬಾಗಿಲು ಚೌಕಟ್ಟಿಗೆ ಹಲ್ಲು ಕಚ್ಚಿಕೊಂಡು ಕೂತಿತು.

"ಭಾವ, ಬಾಗಿಲು ಬಿಡಿ!"

"ನಾನೆಲ್ಲೋ ಹಿಡ್ಕೊಂಡಿದೀನಿ? ಅದೇ ನನ್ನ ಹಿಡ್ಕೊಂಡಿದೆ!"

ಹೊರಗಿನವರು ಎಳೆದರು, ಒಳಗಿನವನು ಒದ್ದ. ಬಾಗಿಲು ಯಾರ ಪಕ್ಷವನ್ನೂ ವಹಿಸಲಿಲ್ಲ. ಸುದ್ದಿ ನಿಧಾನಪ್ಪನ ಹೆಂಡತಿಗೆ ಮುಟ್ಟಿ, ಅವಳು ಊಟದ ಬುತ್ತಿ ಹಿಡಿದು ಕಿಟಕಿಯ ಸರಳಿನ ಹತ್ತಿರ ಬಂದಳು.

"ರೀ, ಏನಿದು?"

"ಹೋರಾಟ ಕಣೇ."

"ಬಾಗಿಲು ಕಚ್ಕೊಂಡಿದೆ ಅನ್ನಿ, ಸಾಕು."

ಅಷ್ಟರಲ್ಲಿ ಭಾವಮೈದ ಹಾರೆ ಎತ್ತಿಕೊಂಡು ಬಂದ. ಬಾಗಿಲು ಒಡೆದರೆ ಮರ ಅವರ ಕೈಗೆ. ಸಂಜೆಗೆಲ್ಲ ಗರಗಸ ಹಾಡುತ್ತದೆ. ನಿಧಾನಪ್ಪ ಸರಳಿಗೆ ಮುಖ ಒತ್ತಿ ಕೂಗಿದ:

"ಏ, ಒಂದು ಮಾತಿಗೆ ಉತ್ತರ ಕೊಟ್ಟು ಆಮೇಲೆ ಒಡಿ. ಈ ಬಾಗಿಲು ಮಾಡಿದ್ದು ಯಾರು? ಹಿಂದಿನ ಅಧ್ಯಕ್ಷರು. ಹಸಿ ಹಲಗೆ ತಂದು, ಬೆಳಿಗ್ಗೆ ಶುರುಮಾಡಿ ರಾತ್ರಿಗೆ ಮುಗಿಸಿ, ಚಪ್ಪಾಳೆ ಹೊಡೆಸ್ಕೊಂಡ್ರು. ನೀವೆಲ್ಲ ಹೊಡೆದ್ರಿ, ನಾನೂ ಹೊಡೆದೆ. ಆವತ್ತಿಂದ ಇವತ್ತಿನವರೆಗೆ ಇದನ್ನ ಎತ್ತಿ ಎತ್ತಿ ಎಷ್ಟು ಜನರ ಸೊಂಟ ಹೋಯ್ತು? ಆ ಕುರ್ಚಿಗಳೂ ಇದರ ತಮ್ಮಂದಿರೇ. ಒಂದು ಭವನದಲ್ಲಿ ನಮ್ಮ ಕುರ್ಚಿ ಮುರೀಲಿ, ಆಮೇಲೆ ಈ ಬೀದಿಗೆ ಯಾವನು ಬರ್ತಾನೆ? ನನ್ನ ಕಿತ್ತು ಹಾಕ್ತೀರಾ? ಹಾಕಿ. ಕಿತ್ತ ಮೇಲೂ ಇದನ್ನೇ ಹೇಳ್ತೀನಿ!"

ಹೊರಗೆ ಒಬ್ಬ ಸುಮ್ಮನೆ ತನ್ನ ಸೊಂಟ ಮುಟ್ಟಿ ನೋಡಿಕೊಂಡ. ಭಾವಮೈದ ಹಾರೆ ಇಳಿಸಿ ಮೂಗೊರೆಸಿಕೊಂಡ.

"ಭಾವ, ಕಣ್ಣು ತೆರೆಸಿಬಿಟ್ರಿ. ಇನ್ಮೇಲೆ ಯಾವನಾದ್ರೂ ಹಸಿ ಮರ ಮುಟ್ಟಿದ್ರೆ ಮೊದಲು ನನ್ನ ಹತ್ರ ಮಾತಾಡ್ಲಿ!"

ಬೇಸಿಗೆ ಕಳೆದ ಮೇಲೆ ಬನ್ನಿ ಅಂತ ಮಾಲೀಕನಿಗೆ ಹೇಳಿಕಳಿಸಿದರು. ಮರ ಉಳಿಯಿತು. ನಿಧಾನಪ್ಪ ಒಳಗೇ ಎದೆ ಸೆಟೆಸಿ ನಿಂತ.

ಆಗ ಗುಮಾಸ್ತ ಗಂಟಲು ಸರಿಮಾಡಿಕೊಂಡ. "ಯಜಮಾನ್ರು ಹೇಳಿದ್ದು ನೂರಕ್ಕೆ ನೂರು ಸರಿ. ಮೊಮ್ಮಕ್ಕಳ ಕಾಲದವರೆಗಿನ ಕೆಲಸ ಇದು. ಅಂದ್ಮೇಲೆ ಅಲ್ಲೀವರೆಗೂ ಇರೋ ಅಧ್ಯಕ್ಷ ಬೇಕಲ್ವಾ?"

ಎಲ್ಲರೂ ಕಿಟಕಿಯಲ್ಲಿದ್ದ ನರೆತ ತಲೆಯನ್ನು ನೋಡಿದರು. ಆಮೇಲೆ ಭಾವಮೈದನ ಕಪ್ಪು ತಲೆಯನ್ನು ನೋಡಿದರು. ಕೈಗಳು ಎದ್ದವು. ನಿಧಾನಪ್ಪ ಸರಳಿನಿಂದ ಕೈ ಆಚೆ ಹಾಕಿ ಬೇಡ ಬೇಡ ಅಂತ ಬೀಸಿದ.

"ಸಭೆ ಹೊರಗೆ ನಡೀತಿದೆ. ಒಳಗಿನ ಕೈ ಲೆಕ್ಕಕ್ಕಿಲ್ಲ" ಅಂದ ಗುಮಾಸ್ತ.

ನಿಧಾನಪ್ಪ ಹಲ್ಲು ಕಡಿದ. "ಆಯ್ತೋ, ನೀನೇ ಅಧ್ಯಕ್ಷ. ಈಗ ಹಾರೆ ಹಾಕಿ ಬಾಗಿಲು ಒಡಿ, ಹೊಟ್ಟೆ ಹಸೀತಿದೆ."

ಹೊಸ ಅಧ್ಯಕ್ಷ ಹಾರೆಯನ್ನು ಬೆನ್ನ ಹಿಂದೆ ಸರಿಸಿಕೊಂಡ. "ಒಡೆದ್ರೆ ಹೊಸ ಬಾಗಿಲು ಬೇಕಲ್ಲ ಭಾವ. ಅದಕ್ಕೆ ಮರ ಎಲ್ಲಿದೆ?"

"ಇಲ್ಲೇ ರಾಶಿ ಬಿದ್ದಿದೆಯಲ್ಲೋ, ನನ್ನ ಕಾಲ..." ಅಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

"ಅದೆಲ್ಲ ಹಸಿ. ಮೂಸಿ ಹೇಳಿದ್ದು ನೀವೇ. ನಾಲ್ಕು ಬಿಸಿಲು ಬೀಳ್ಲಿ, ಬಾಗಿಲು ಒಣಗಿ ತಾನಾಗೇ ಬಿಡುತ್ತೆ. ಸಂಘದ ಒಳ್ಳೇದಕ್ಕೆ, ಸ್ವಲ್ಪ ತಡ್ಕೊಳ್ಳಿ."

ಎಲ್ಲರೂ ತಲೆದೂಗಿದರು. ಸೈಕಲ್ ಅಂಗಡಿಯವನಂತೂ ಚಕ್ರ ಕೆಳಗಿಟ್ಟು ತಲೆದೂಗಿದ.

ಬುತ್ತಿ ಸರಳುಗಳ ನಡುವೆ ಹಿಡಿಸಲಿಲ್ಲ. ಹೆಂಡತಿ ತುತ್ತು ಮಾಡಿ ಒಂದೊಂದಾಗಿ ಒಳಗೆ ಕೊಟ್ಟಳು. ನಿಧಾನಪ್ಪ ಬಾಯಿ ತುಂಬಿಕೊಂಡೇ ಅಂಗಳ ಅದುರುವ ಹಾಗೆ ಕೂಗಿದ:

"ಬಾಗಿಲು ಬಿಟ್ರೂ ನಾನು ಈಚೆ ಬರಲ್ಲ, ತಿಳ್ಕೊಳ್ರೋ! ಮುಂದಿನ ಚುನಾವಣೆಗೆ ಇಲ್ಲಿಂದ್ಲೇ ನಿಲ್ತೀನಿ!"