ಪಾಸ್‌ವರ್ಡಿನ ಬಾಲ

ನಮ್ಮ ಮನೆಗಳಲ್ಲಿ ಬಾಗಿಲು ಬಡಿದರೆ ಒಳಗಿನಿಂದ "ಯಾರದು?" ಎನ್ನುವುದೂ, ಹೊರಗಿನವರು "ನಾನು" ಎನ್ನುವುದೂ, ಕೂಡಲೇ ಬಾಗಿಲು ತೆರೆಯುವುದೂ ಹಿಂದಿನಿಂದ ನಡೆದುಕೊಂಡು ಬಂದ ಪದ್ಧತಿ. ಆ ಉತ್ತರದಲ್ಲಿ ಯಾವ ಮಾಹಿತಿಯೂ ಇಲ್ಲವೆಂಬುದು ನನಗೆ ನಲವತ್ತು ದಾಟುವವರೆಗೂ ಹೊಳೆದಿರಲಿಲ್ಲ. ಕಳ್ಳನೂ ತನ್ನನ್ನು ತಾನು "ನಾನು" ಎಂದೇ ಕರೆದುಕೊಳ್ಳುತ್ತಾನಲ್ಲ! ದಾವಣಗೆರೆಯ ಮಂಡಿಪೇಟೆಯ ಹಿಂಬದಿಯ ನಮ್ಮ ಮನೆಯಲ್ಲಿ ಒಮ್ಮೆ ನೆಗಡಿಯಾಗಿ ನನ್ನ ಗಂಟಲು ಕಟ್ಟಿದ್ದಾಗ ಮಾತ್ರ ಹೆಂಡತಿ ಗಿರಿಜೆ "ಯಾವ ನಾನು?" ಎಂದು ಚಿಲಕ ಹಿಡಿದುಕೊಂಡೇ ನಿಂತಿದ್ದಳು. ಅದೊಂದು ಬಿಟ್ಟರೆ, ನಾನು ನಾನೇ ಎಂದು ಸಾಬೀತುಪಡಿಸಬೇಕಾದ ಪ್ರಸಂಗ ನನ್ನ ಬಾಳಿನಲ್ಲಿ ಬಂದಿರಲಿಲ್ಲ. ಬಂದದ್ದು ಕಾರ್ಖಾನೆಗೆ ಕಂಪ್ಯೂಟರ್ ಬಂದ ಮೇಲೆ.

ಆಗ ನಾನು ದಾವಣಗೆರೆಯಿಂದ ದಿನಾ ಬಸ್ಸು ಹಿಡಿದು, ಹರಿಹರ ದಾಟಿ ಗುತ್ತೂರಿನ ಕಡೆ ಇದ್ದ ಒಂದು ಪಂಪಿನ ಕಾರ್ಖಾನೆಗೆ ಹೋಗುತ್ತಿದ್ದೆ. ಲಾರಿಯಲ್ಲಿ ಹೊರಗೆ ಹೋಗುವ ಪ್ರತಿಯೊಂದು ಸಾಮಾನಿಗೂ ಗೇಟ್ ಪಾಸ್ ಬರೆಯುವುದು ನನ್ನ ಕೆಲಸ. ಎರಡು ಸಾವಿರದ ಇಸವಿ ಹುಟ್ಟಿದ ಕ್ಷಣವೇ ಜಗತ್ತಿನ ಕಂಪ್ಯೂಟರ್‌ಗಳೆಲ್ಲ ಕೆಟ್ಟು ಕೂರುತ್ತವೆಂದು ಪತ್ರಿಕೆಗಳು ಹೆದರಿಸುತ್ತಿದ್ದ ಕಾಲ. ನಮ್ಮವರು ಅಂಥ ಹೊತ್ತು ನೋಡಿಯೇ ಕಂಪ್ಯೂಟರ್ ತಂದರು. ದೊಡ್ಡ ಯಂತ್ರ ತಣ್ಣನೆಯ ಕೋಣೆಯಲ್ಲಿ. ನಮ್ಮ ನಮ್ಮ ಮೇಜಿನ ಮೇಲೆ ಹಸಿರು ಅಕ್ಷರದ ಪರದೆ. ಬೆಳಿಗ್ಗೆ ಹೆಸರು ಹೊಡೆದರೆ ಅದು ಪಾಸ್‌ವರ್ಡ್ ಕೇಳುತ್ತಿತ್ತು. ನಮ್ಮ ಮನೆದೇವರು ವೀರಭದ್ರ. ಅವನಿಗಿಂತ ಒಳ್ಳೆಯ ಕಾವಲುಗಾರ ಇನ್ನಾರು ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಅವನ ಹೆಸರನ್ನೇ ಇಟ್ಟೆ.

ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಎಷ್ಟು ಹೊಡೆದೆ, ಎಲ್ಲಿಗೆ ಬಂದೆ ಎಂದು ತಿಳಿಯದೆ ನಾನು ಒಂದೊಂದೇ ಅಕ್ಷರವನ್ನು ಬಾಯಲ್ಲಿ ಗೊಣಗಿಕೊಳ್ಳುತ್ತಿದ್ದೆ. ಅದು ನನಗೆ ಮಾತ್ರ ಕೇಳಿಸುತ್ತದೆ ಎಂದುಕೊಂಡಿದ್ದೆ.

ಒಳಗೆ ಬಿಟ್ಟುಕೊಂಡ ಮೇಲೆ ಆ ಯಂತ್ರ ಒಂದು ಸಾಲು ತೋರಿಸುತ್ತಿತ್ತು: ನೀವು ಹಿಂದಿನ ಸಲ ಇಷ್ಟು ಹೊತ್ತಿಗೆ, ಇಂಥ ಪರದೆಯಿಂದ ಬಂದಿದ್ದಿರಿ ಎಂದು. ಬಹಳ ದಿನ ನಾನದನ್ನು ಓದಿರಲಿಲ್ಲ. ಒಮ್ಮೆ ಓದಿದೆ. ಹಿಂದಿನ ದಿನ ಮಧ್ಯಾಹ್ನ, ಊಟದ ಹೊತ್ತಿಗೆ, ನಾನು ಸ್ಟೋರ್ಸಿನ ಪರದೆಯಿಂದ ಬಂದಿದ್ದೆನಂತೆ. ಆ ಹೊತ್ತಿನಲ್ಲಿ ನಾನು ಕ್ಯಾಂಟೀನಿನಲ್ಲಿ ರೊಟ್ಟಿ ಮುರಿಯುತ್ತಿದ್ದೆ. ಹುಡುಕಿದರೆ ನನ್ನ ಹೆಸರಿನಲ್ಲಿ, ನಾನು ಬರೆಯದ ಗೇಟ್ ಪಾಸುಗಳು ಸಿಕ್ಕವು. ಅದರಲ್ಲೊಂದು ಲಾರಿ ಕದ್ದ ಮಾಲು ಹೊತ್ತುಕೊಂಡು ಹೋಗಿದ್ದರೆ, ಕಳ್ಳ ನಾನೇ. ಕೆಲಸವೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ.

ಪಾಸ್‌ವರ್ಡ್ ಬದಲಿಸಿದೆ. ಮನೆದೇವರನ್ನು ತೆಗೆದುಹಾಕಲು ಮನಸ್ಸು ಬರದೆ, ಹೆಸರಿನ ಕೊನೆಗೆ "ಸ್ವಾಮಿ" ಸೇರಿಸಿದೆ. ಮರುದಿನವೂ ಆ ಕಳ್ಳ ಬಂದಿದ್ದ. "ವೀರಭದ್ರಸ್ವಾಮಿಕಾಪಾಡು" ಎಂದಿಟ್ಟೆ. ಬಂದ. ಸಿಟ್ಟಿನಿಂದ "ವೀರಭದ್ರಸ್ವಾಮಿಕಳ್ಳನಕೈಮುರಿ" ಎಂದು ಬೆರಳು ನೋಯುವಷ್ಟು ಉದ್ದದ್ದನ್ನು ಇಟ್ಟೆ. ಕೈ ಮುರಿಯಲಿಲ್ಲ, ಅಂದು ಮಧ್ಯಾಹ್ನವೂ ಬಂದು ಕೆಲಸ ಮುಗಿಸಿಕೊಂಡು ಹೋಗಿದ್ದ.

ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಖಲೀಲ್ ಸಾಹೇಬರು. ಮೊದಲು ನಮ್ಮಲ್ಲೇ ಎಲೆಕ್ಟ್ರಿಷಿಯನ್ ಆಗಿದ್ದವರು. "ನನ್ನ ಪಾಸ್‌ವರ್ಡ್ ನಿಮ್ಮಿಂದಲೇ ಹೊರಗೆ ಹೋಗಿರಬೇಕು" ಎಂದೆ. ಅವರು ನಕ್ಕರು.

"ನಿಮ್ ಪಾಸ್‌ವರ್ಡ್ ನಂಗೆ ಗೊತ್ತಿಲ್ರಿ. ಕಂಪ್ಯೂಟರ್‌ಗೂ ಗೊತ್ತಿಲ್ಲ."

"ಗೊತ್ತಿಲ್ಲದಿದ್ದರೆ ದಿನಾ ಸರಿ ತಪ್ಪು ಹೇಗೆ ಹೇಳುತ್ತದೆ?"

"ಕೂಡ್ರಿ, ಹೇಳ್ತೀನಿ. ನೀವು ಜ್ವಾಳ ಹಾಕ್ತೀರಿ, ಗಿರಣಿ ಹಿಟ್ಟು ಮಾಡ್ತೈತೆ. ಅದು ಇಟ್ಕಳೋದು ಹಿಟ್ಟು ಅಷ್ಟೇ. ನಾಳೆ ನೀವು ಮತ್ತೆ ಜ್ವಾಳ ತಂದ್ರೆ ಅದನ್ನೂ ಬೀಸಿ, ಹಿಟ್ಟಿಗೆ ಹಿಟ್ಟು ತಾಳೆ ನೋಡ್ತೈತೆ. ಹೊಂದಿದ್ರೆ ಬಾಗ್ಲು ತೆಗೀತೈತೆ. ಹಿಟ್ಟು ನೋಡಿ ಕಾಳು ಹೆಂಗಿತ್ತು ಅಂತ ಯಾರೂ ಹೇಳೋಕಾಗಲ್ರಿ."

ತನಗೇ ಗೊತ್ತಿಲ್ಲದ ಮಾತನ್ನು ಒಂದು ಯಂತ್ರ ಗುರುತು ಹಿಡಿಯುತ್ತದೆ ಎಂಬುದು ನನ್ನ ಭಯವನ್ನೂ ಮರೆಸುವಷ್ಟು ಸೋಜಿಗವಾಗಿ ಕಂಡಿತು. ಭಾನುವಾರ ಜೋಳ ಬೀಸಿಸಲು ಹೋದವನು ಗಿರಣಿಯ ಮುಂದೆ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ತಿಕ್ಕಿ ನೋಡುತ್ತಾ ನಿಂತುಬಿಟ್ಟೆ. ಗಿರಣಿಯವನು "ಯಾಕ್ರಿ, ದಪ್ಪ ಆತೇನ್ರಿ?" ಎಂದು ಗಾಬರಿಯಾದ. ಇಷ್ಟು ಘನವಾದ ಏರ್ಪಾಟಿದ್ದರೂ ಇನ್ನೊಬ್ಬ ನಾನು ಹೇಗೆ ಒಳಗೆ ಬರುತ್ತಾನೆ? ನಾನೇ ಮೈಮರೆತು ಹೋಗಿ ಪಾಸು ಬರೆಯುತ್ತಿದ್ದೇನೆಯೇ ಎಂಬ ಅನುಮಾನವೂ ಬಂತು.

ಸೋಮವಾರ ಊಟ ಬಿಟ್ಟು ನೇರ ಸ್ಟೋರ್ಸಿಗೆ ಹೋದೆ. ಕಿಟಕಿಯಾಚೆ ಲಾರಿ, ಅದರ ಚಾಲಕ. ಈಚೆ ಪರದೆಯ ಮುಂದೆ ಸ್ಟೋರ್ಸ್ ಗುಮಾಸ್ತ ಕೊಟ್ರೇಶಿ. ಪರದೆಯ ಮೇಲೆ ನನ್ನ ಹೆಸರು.

"ಏನ್ ಮಾಡ್ತಿದ್ದೀಯಪ್ಪ?" ಎಂದೆ.

ಅವನು ತಿರುಗಿಯೂ ನೋಡಲಿಲ್ಲ. "ನಿಮ್ದೇ ಕೆಲ್ಸ ಮಾಡಾಕತ್ತೀನ್ರಿ. ನೀವು ಊಟಕ್ಕೆ ಹೋದ್ರೆ ಈ ಲಾರಿಯೋರು ನನ್ ಕಿಟಕಿ ಹತ್ರ ಹಾರ್ನ್ ಹೊಡಿತಾ ನಿಲ್ತಾರ. ನಂಗೆ ಉಂಡ್ ಮ್ಯಾಲೆ ಒಂದೀಟು ಕಣ್ಣು ಮುಚ್ಚೋದು ಬ್ಯಾಡೇನ್ರಿ?"

"ಪಾಸ್‌ವರ್ಡ್?"

"ಮೊದಲ್ನೇ ದಿನಾನೇ ಗೊಣಗಿದ್ರಲ್ರಿ, ವೀರಭದ್ರ ಅಂತ. ಇಡೀ ಆಫೀಸಿಗೆ ಕೇಳಿಸ್ತು."

"ಆಮೇಲೆ ಮೂರು ಸಲ ಬದಲಿಸಿದೆನಲ್ಲೋ!"

"ಹೌದೇನ್ರಿ? ನಂಗ್ ಗೊತ್ತಿಲ್ಲ. ನಾ ವೀರಭದ್ರ ಹೊಡಿತಿದ್ದೆ, ತೆಗೀತಿತ್ತು."

ಅವನನ್ನು ಹಿಡಿದುಕೊಂಡು ಖಲೀಲ್ ಸಾಹೇಬರ ಬಳಿಗೆ ಹೋದೆ. ಅವರು ಎಲ್ಲ ಕೇಳಿ ಹಣೆ ಚಚ್ಚಿಕೊಂಡರು. "ನಮ್ ಗಿರಣಿ ಬಾಯಿ ಸಣ್ಣದ್ರಿ. ಮೊದಲ್ನೇ ಎಂಟು ಅಕ್ಷರ ಅಷ್ಟೇ ಬೀಸ್ತೈತೆ. ಒಂಬತ್ತನೇದರಿಂದ ನೀವು ಏನ್ ಹಾಕಿದ್ರೂ ಕೆಳಗೆ ಬೀಳ್ತೈತೆ." ಇಂಗ್ಲಿಷಿನಲ್ಲಿ ವೀರಭದ್ರ ಎಂದು ಬರೆಯುವುದರೊಳಗೇ ಎಂಟು ದಾಟಿಹೋಗುತ್ತದೆ. ಬಾಲ ಎಷ್ಟೇ ಉದ್ದ ಬೆಳೆಸಿದರೂ ಯಂತ್ರ ಅದರ ಕಡೆ ನೋಡಿಯೇ ಇರಲಿಲ್ಲ. ನಾನು ಅಷ್ಟು ದಿನ ಮೊರೆಯಿಟ್ಟದ್ದೆಲ್ಲ ನೆಲದ ಪಾಲಾಗಿತ್ತು.

ಕೊಟ್ರೇಶಿ ಬರೆದ ಪಾಸುಗಳನ್ನೆಲ್ಲ ಕೂತು ಮಾಲಿನೊಂದಿಗೆ ತಾಳೆ ನೋಡಿದೆ. ಒಂದೂ ತಪ್ಪಿರಲಿಲ್ಲ. ಎದೆಯ ಮೇಲಿನ ಭಾರ ಇಳಿಯಿತು. ಎಂಟೇ ಅಕ್ಷರದ ಹೊಸ ಪಾಸ್‌ವರ್ಡ್ ಇಟ್ಟು, ಬಾಯಿ ಬಿಗಿ ಹಿಡಿದು ಹೊಡೆಯುವುದನ್ನು ಅಭ್ಯಾಸ ಮಾಡಿಕೊಂಡೆ. ಅಂದಿನಿಂದ ನನ್ನ ಹೆಸರಿನಲ್ಲಿ ನಾನಲ್ಲದೆ ಯಾರೂ ಒಳಗೆ ಬರಲಿಲ್ಲ. ಯಂತ್ರ ತೋರಿಸುತ್ತಿದ್ದ ಆ ಸಾಲನ್ನು ದಿನಾ ಓದಿ ಹೆಮ್ಮೆಪಡುತ್ತಿದ್ದೆ.

ಕೆಲವು ವಾರ ಕಳೆದ ಮೇಲೆ ಮ್ಯಾನೇಜರು ಕರೆಸಿದರು. ಕಿಟಕಿಯಾಚೆ ಲಾರಿಗಳ ಸಾಲು ಕಾಣುತ್ತಿತ್ತು. "ಏನ್ರೀ ಇದು? ಮೊದ್ಲು ಮಧ್ಯಾಹ್ನದ ಲಾರಿಗಳು ಪಟಪಟ ಹೊರಗೆ ಹೋಗ್ತಿದ್ವು. ನಿಮ್ ಕೆಲ್ಸ ನೋಡಿ ಮ್ಯಾಲಿನೋರಿಗೂ ಹೇಳಿದ್ದೆ. ಈಗ ನೋಡಿದ್ರೆ ಪಾಸಿಗೆ ಕಾಯ್ತಾ ನಿಂತಿರ್ತಾವು, ಬರೆದ್ರೂ ತಪ್ಪು. ಯಾರ ಕೈಲಿ ಮಾಡಿಸ್ತಿದ್ದೀರಿ?"

ಇದ್ದದ್ದನ್ನೇ ಹೇಳಿದೆ: "ಈಗ ನಾನೇ ಮಾಡ್ತಿದ್ದೀನಿ, ಸಾರ್."